ಸ್ಕಾರ್ಪಿಯೋ-ಎನ್‌ಗೆ ಪೂರ್ತಿ ರ‍್ಯಾಪ್: ದುಡ್ಡು ಎಲ್ಲಿ ಹೋಗುತ್ತದೆ

14 ನವೆಂಬರ್ 2025, ಶುಕ್ರವಾರ
ಬೆಂಗಳೂರು

ಬಿಳಿ ಸ್ಕಾರ್ಪಿಯೋ-ಎನ್, ಸ್ಯಾಟಿನ್ (ಅರೆಹೊಳಪಿನ) ಬೂದು ಬಣ್ಣ, ಪೂರ್ತಿ ಗಾಡಿಗೆ ರ‍್ಯಾಪ್: ಅಂದರೆ ಪೇಂಟ್ ಮೇಲೆ ಬಣ್ಣದ ವಿನೈಲ್ ಪ್ಲಾಸ್ಟಿಕ್ ಫಿಲಂ ಅಂಟಿಸುವ ಕೆಲಸ. ಇವತ್ತಿನ ಲೆಕ್ಕ ಇಷ್ಟು. ಇದೇ ಗಾಡಿಗೆ ಒಂದು ಅಂಗಡಿಯಲ್ಲಿ ಸುಮಾರು 45 ಸಾವಿರ ಹೇಳುತ್ತಾರೆ, ಇನ್ನೊಂದರಲ್ಲಿ 1 ಲಕ್ಷ 20 ಸಾವಿರ. ಯಾಕೆ ಇಷ್ಟು ಅಂತರ ಅನ್ನುವುದನ್ನು ಬಿಡಿಸಿ ಬರೆದಿಡೋಣ.

ಮೊದಲು ಅಳತೆ. ಗಾಡಿ 4,662 ಮಿ.ಮೀ. ಉದ್ದ, 1,917 ಮಿ.ಮೀ. ಅಗಲ. ಫಿಲಂ ರೋಲ್ ಅಗಲ 1.52 ಮೀಟರ್, ಅಂದರೆ 5 ಅಡಿ. ನಾಲ್ಕು ಬಾಗಿಲಿಗೆ 5 ಮೀಟರ್, ಮುಂದಿನ ಚಕ್ರಗಳ ಮೇಲಿನ ಎರಡು ಫೆಂಡರ್‌ಗೆ ಒಂದೂವರೆ, ಹಿಂದಿನ ಚಕ್ರಗಳ ಮೇಲಿನ ಎರಡು ಕ್ವಾರ್ಟರ್ ಪ್ಯಾನೆಲ್‌ಗೆ ಮೂರೂವರೆ, ರೂಫ್‌ಗೆ 3, ಎರಡು ಬಂಪರ್‌ಗೆ ನಾಲ್ಕೂವರೆ, ಬಾನೆಟ್‌ಗೂ ಡಿಕ್ಕಿಗೂ ತಲಾ 1.8, ಕನ್ನಡಿ, ಹ್ಯಾಂಡಲ್ ಎಲ್ಲ ಸೇರಿ ಮುಕ್ಕಾಲು ಮೀಟರ್. ಹತ್ತಿರ ಹತ್ತಿರ 22 ಮೀಟರ್ ಆಯಿತು. 75 ಅಡಿಯ ಒಂದು ರೋಲ್ 22.86 ಮೀಟರ್. ಕೈತಪ್ಪಿ ಒಂದು ಬಂಪರ್ ತುಂಡು ಹಾಳಾದರೂ ರೋಲ್ ಸಾಲದು. ಮೆಟಾಲಿಕ್ ಬಣ್ಣವಾದರೆ ಎಲ್ಲ ತುಂಡುಗಳೂ ಒಂದೇ ದಿಕ್ಕಿಗೆ ಕೂರಬೇಕು, ಉಳಿದ ಚೂರನ್ನು ತಿರುಗಿಸಿ ಬಳಸಿದರೆ ಬಿಸಿಲಲ್ಲಿ ಬಾಗಿಲು ಬೇರೆ ಬಣ್ಣ, ಫೆಂಡರ್ ಬೇರೆ ಬಣ್ಣ ಕಾಣುತ್ತದೆ.

ಅಡಿ ಲೆಕ್ಕದಲ್ಲಿ ರೇಟ್ ಹೇಳಿದರೆ ಯಾವ ಅಡಿ ಎಂದು ಅಲ್ಲೇ ಕೇಳಿ. ಆ ರೋಲ್ ಒಟ್ಟು 375 ಚದರ ಅಡಿ. ಗಾಡಿಯ ಮೈ ಸುಮಾರು 260. ಅಡಿಗೆ 300 ರೂಪಾಯಿ ಅಂದರೆ ಒಂದು ಲೆಕ್ಕದಲ್ಲಿ 1,12,500, ಇನ್ನೊಂದರಲ್ಲಿ 78,000. ಇದರ ಮೇಲೆ ಶೇ. 18 ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಅದನ್ನೂ ಕ್ವಟೇಶನ್‌ನಲ್ಲಿ ಬರೆಸಿಕೊಳ್ಳಿ.

ಇನ್ನು ಫಿಲಂ. 3ಎಂ 2080, ಏವರಿ ಡೆನಿಸನ್ ಎಸ್‌ಡಬ್ಲ್ಯೂ900 ಇವೆಲ್ಲ ಕಾಸ್ಟ್ ಫಿಲಂ. ದ್ರವರೂಪದ ಪಿವಿಸಿಯನ್ನು ಹಾಳೆಯ ಮೇಲೆ ಹರಡಿ ಒಣಗಿಸಿ ತಯಾರಿಸುವುದರಿಂದ ಇದರಲ್ಲಿ ಎಳೆತ ಉಳಿದಿರುವುದಿಲ್ಲ, ಕೂರಿಸಿದಲ್ಲೇ ಕೂರುತ್ತದೆ. ಅಗ್ಗದ್ದು ಕ್ಯಾಲೆಂಡರ್ಡ್: ಬಿಸಿ ರೋಲರ್‌ಗಳ ನಡುವೆ ಲಟ್ಟಿಸಿ ಎಳೆದದ್ದು. ಬಿಸಿಲಿಗೆ ನಿಲ್ಲಿಸಿದಾಗೆಲ್ಲ ಹಳೆಯ ಅಳತೆಗೆ ಮರಳಲು ನೋಡುತ್ತದೆ. ಬಾಗಿಲ ಅಂಚಿನಲ್ಲಿ ಫಿಲಂ ಹಿಂದೆ ಸರಿದು ಒಂದೆರಡು ಮಿ.ಮೀ. ಬಿಳಿ ಗೆರೆ ಕಾಣತೊಡಗಿತೆಂದರೆ ಕಾರಣ ಬಹುತೇಕ ಇದೇ. ಚಪ್ಪಟೆ ಬಾಗಿಲಿರುವ ವ್ಯಾನ್‌ಗೆ ಕ್ಯಾಲೆಂಡರ್ಡ್ ನಡೆಯುತ್ತದೆ. ಇಷ್ಟು ಉಬ್ಬುತಗ್ಗಿನ ಎಸ್‌ಯುವಿಗೆ ಖಂಡಿತ ಬೇಡ.

ನಮ್ಮ ಅನಿಸಿಕೆಯಲ್ಲಿ ನಿಜವಾದ ದುಡ್ಡು ಇರುವುದು ಬಿಚ್ಚುವ ಕೆಲಸದಲ್ಲಿ. ಹ್ಯಾಂಡಲ್, ಟೇಲ್ ಲ್ಯಾಂಪ್, ಬ್ಯಾಡ್ಜ್, ಬಾಗಿಲ ರಬ್ಬರ್ ಬೀಡಿಂಗ್, ಪಾರ್ಕಿಂಗ್ ಸೆನ್ಸರ್ ಎಲ್ಲ ಬಿಚ್ಚಿದರೆ ಫಿಲಂ ಒಳಗೆ ಮಡಚಿ ಕೂರುತ್ತದೆ. ಬಿಚ್ಚದೆ ಸುತ್ತಲೂ ಬ್ಲೇಡ್ ಆಡಿಸಿದರೆ ಅಂಚು ತೆರೆದೇ ಇರುತ್ತದೆ, ಜೊತೆಗೆ ಕೆಳಗಿನ ಪೇಂಟ್‌ಗೂ ಗೀರು. ಬಿಚ್ಚಿ ಮಾಡಿದರೆ ಇಬ್ಬರಿಗೆ ಮೂರು ನಾಲ್ಕು ದಿನದ ಕೆಲಸ, ಬಿಚ್ಚದಿದ್ದರೆ ಅದರ ಅರ್ಧ.

ಹಿಂದಿನ ಬಂಪರ್‌ನಲ್ಲಿ ರಿಫ್ಲೆಕ್ಟರ್ ಕೂರುವ ಗುಂಡಿ ನೋಡಿ. ಒಂದೇ ತುಂಡನ್ನು ಅದರೊಳಗೆ ಒತ್ತಿ ಎಳೆದರೆ ಮೂಲೆಯಲ್ಲಿ ಫಿಲಂ ತೆಳುವಾಗಿ ಬಣ್ಣ ಮಂಕಾಗುತ್ತದೆ, ವಾರದೊಳಗೆ ಗುಳ್ಳೆಯಾಗಿ ಮೇಲೇಳುತ್ತದೆ. ಗುಂಡಿಗೆ ಮೊದಲು ಬೇರೆ ಚೂರು ಕೂರಿಸಿ, ಮೇಲಿನ ತುಂಡನ್ನು 5 ಮಿ.ಮೀ. ಅದರ ಮೇಲೆ ಬರುವಂತೆ ಹಾಸಬೇಕು. ಆಮೇಲೆ ಹೀಟ್ ಗನ್‌ನಿಂದ ಎಳೆದ ಜಾಗವನ್ನೆಲ್ಲ 100 ಡಿಗ್ರಿ ಆಸುಪಾಸಿಗೆ ಕಾಯಿಸಬೇಕು, ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಅಳೆದೇ. ಫಿಲಂ ಹೊಸ ಆಕಾರಕ್ಕೆ ಒಗ್ಗುವುದು ಈ ಕಾವಿನಿಂದ. ಹೆಚ್ಚು ಮಂದಿ ಅವಸರದಲ್ಲಿ ಬಿಡುವ ಹಂತವೂ ಇದೇ.

ಅಂಟಿಸುವ ಮೊದಲು ತೊಳೆದು, ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಜೇಡಿಯಂಥ ತುಂಡು) ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್ 70 ಪಾಲು, ನೀರು 30 ಪಾಲು ಬೆರೆಸಿ ಒರೆಸಬೇಕು. ವ್ಯಾಕ್ಸ್, ಟೈರ್ ಪಾಲಿಶ್‌ನ ಸಿಲಿಕೋನ್ ಅಂಚಿನಲ್ಲಿ ಉಳಿದರೆ ಅಂಟು ಹಿಡಿಯುವುದಿಲ್ಲ. ಟಿಂಕರಿಂಗ್ ಆಗಿ ಹೊಸ ಪೇಂಟ್ ಹೊಡೆದಿದ್ದರೆ ಒಂದು ತಿಂಗಳಾದರೂ ಬಿಟ್ಟು ಬನ್ನಿ, ಇಲ್ಲದಿದ್ದರೆ ಪೇಂಟ್‌ನಿಂದ ಹೊರಬರುವ ಆವಿ ಗುಳ್ಳೆ ಎಬ್ಬಿಸುತ್ತದೆ. ಮುಂದೆ ಫಿಲಂ ಕಿತ್ತಾಗ ಮೊದಲು ಪೇಂಟ್ ಎದ್ದು ಬರುವುದೂ ಇಂಥ ರೀಪೇಂಟ್ ಆದ ಪ್ಯಾನೆಲ್‌ನಲ್ಲೇ.

ಕೆಳಗಿನ ದೊರಗು ಕಪ್ಪು ಪ್ಲಾಸ್ಟಿಕ್ ಕ್ಲಾಡಿಂಗ್‌ಗೆ ವಿನೈಲ್ ನಿಲ್ಲುವುದಿಲ್ಲ, ಅದಕ್ಕೆ ದುಡ್ಡು ಕೊಡಬೇಡಿ. ಎಡಾಸ್ (ಚಾಲಕನಿಗೆ ನೆರವಾಗುವ ಸುರಕ್ಷತಾ ವ್ಯವಸ್ಥೆ) ರಾಡಾರ್ ಇರುವ ಗಾಡಿಗೆ ಅದರ ಮುಂದೆ ಲೋಹದ ಅಂಶವಿರುವ ಫಿಲಂ ಬೇಡ.

ಬಣ್ಣ ಬದಲಾದರೆ ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಸೇನೆಯ ಆಲಿವ್ ಗ್ರೀನ್ ಕೇಳಿದರೆ ಇಲ್ಲ ಎನ್ನುವುದೇ ಸರಿ; ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಆ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ.

ಕೀಳುವ ಖರ್ಚನ್ನೂ ಇವತ್ತೇ ಲೆಕ್ಕಕ್ಕೆ ಹಿಡಿಯಿರಿ. ಕಾಸ್ಟ್ ಫಿಲಂ ಅದರ ಅವಧಿಯೊಳಗೆ ಬಿಸಿ ಮಾಡಿ ಎಳೆದರೆ ಹಾಳೆಯಾಗಿಯೇ ಬರುತ್ತದೆ. ಬಿಸಿಲಲ್ಲಿ ಬೆಂದ ಅಗ್ಗದ ಫಿಲಂ ಉಗುರಿನಷ್ಟು ಚೂರುಗಳಾಗಿ ಬರುತ್ತದೆ, ಅಂಟು ಪೇಂಟ್ ಮೇಲೇ ಉಳಿಯುತ್ತದೆ. ಮೊದಲು ಸೊರಗುವುದು ರೂಫ್ ಮತ್ತು ಬಾನೆಟ್. ವಾರಂಟಿಯಲ್ಲೂ ಈ ಮಲಗಿದ ಭಾಗಗಳಿಗೆ ಅವಧಿ ಕಡಿಮೆ. ಅವೆರಡನ್ನು ಮಾತ್ರ ಮುಂದೆ ಬದಲಾಯಿಸಲು ಐದು ಮೀಟರ್ ಸಾಕು, ಹಾಗಾಗಿ ಫಿಲಂನ ಕೋಡ್ ನಂಬರನ್ನು ಬಿಲ್ ಮೇಲೆ ಬರೆಸಿಡಿ.