ಗಂಟಲಮಾರಿ: ಲ್ಯಾಬ್ ವರದಿಗೆ ಕಾಯುವ ಕಾಯಿಲೆಯಲ್ಲ

ಮಕ್ಕಳ ವಾರ್ಡಿಗೆ ಹೊಸದಾಗಿ ಬರುವ ಕಿರಿಯ ಡಾಕ್ಟರುಗಳಿಗೆ ನಾನು ಮೊದಲು ಹೇಳುವ ಮಾತು: ಥರ್ಮಾಮೀಟರ್ ನೋಡಿ ನಿರಾಳವಾಗಬೇಡಿ, ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿ. ಗಂಟಲಮಾರಿ, ಅಂದರೆ ಡಿಫ್ತೀರಿಯಾದಲ್ಲಿ ಜ್ವರ ಸಾಮಾನ್ಯವಾಗಿ ಜೋರಾಗಿರುವುದಿಲ್ಲ. ಆದರೆ ಮಗು ಆ ಜ್ವರಕ್ಕೆ ಮೀರಿ ಬಸವಳಿದಿರುತ್ತದೆ. ಮಾಮೂಲಿ ಟಾನ್ಸಿಲ್ ಕೀವು ಟಾನ್ಸಿಲ್ ಮೇಲೇ ಇರುತ್ತದೆ, ಒರೆಸಿದರೆ ಬರುತ್ತದೆ. ಇಲ್ಲಿ ಬೂದುಬಣ್ಣದ ಪೊರೆ ಟಾನ್ಸಿಲ್ ದಾಟಿ ಕಿರುನಾಲಿಗೆ, ಅಂಗುಳಕ್ಕೆ ಹಬ್ಬುತ್ತದೆ. ಕೆದಕಿದರೆ ರಕ್ತ ಬರುತ್ತದೆ. ಅದನ್ನು ಕಿತ್ತು ತೆಗೆಯಲು ಹೋಗಲೇಬಾರದು.

ಕಳೆದ ಮಳೆಗಾಲದಲ್ಲಿ ಅಜ್ಜಿಯೊಬ್ಬರು ಆರು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಬಂದರು. ದವಡೆಯ ಕೆಳಗೆ ಎರಡೂ ಕಡೆ ಬಾವು. "ಮಂಗನಬಾವು ಆಗೇತ್ರೀ ಸಾಹೇಬ್ರ, ಅರಿಶಿಣ ಹಚ್ಚೇವ್ರಿ" ಅಂದರು. ಹುಡುಗಿ ಉಸಿರೆಳೆದಾಗ ಸದ್ದು ಬರುತ್ತಿತ್ತು. ಬಾಯಿ ತೆರೆಸಿದರೆ ಪೊರೆ ಅಂಗುಳದವರೆಗೂ ಹಬ್ಬಿತ್ತು. ಗಂಟಲಿನ ಸ್ವಾಬ್ ಕಳಿಸಿದೆವು, ಆದರೆ ವರದಿಗೆ ಕಾಯಲಿಲ್ಲ. ಆಂಟಿಟಾಕ್ಸಿನ್, ಅಂದರೆ ಈ ರೋಗದ ವಿಷಕ್ಕೆ ಪ್ರತಿವಿಷ, ತರಿಸಿ ಆ ಸಂಜೆಯೇ ಕೊಟ್ಟೆವು.

ಈ ಆತುರಕ್ಕೆ ಕಾರಣವಿದೆ. ಕೊಲ್ಲುವುದು ಬ್ಯಾಕ್ಟೀರಿಯಾ ಬಿಡುವ ವಿಷ. ಪೆನಿಸಿಲಿನ್ ಅಥವಾ ಎರಿಥ್ರೋಮೈಸಿನ್ 14 ದಿನ ಕೊಡಬೇಕು, ಸರಿ. ಆದರೆ ಅವು ಕ್ರಿಮಿಯನ್ನು ಕೊಲ್ಲುತ್ತವೆಯೇ ಹೊರತು ಆಗಲೇ ರಕ್ತಕ್ಕೆ ಸೇರಿದ ವಿಷಕ್ಕೆ ಏನೂ ಮಾಡಲಾರವು. ಆಂಟಿಟಾಕ್ಸಿನ್ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ. ಹೃದಯಕ್ಕೋ ನರಕ್ಕೋ ಅಂಟಿಕೊಂಡದ್ದನ್ನು ಬಿಡಿಸಲಾರದು. ಕಾದಷ್ಟೂ ಅದರ ಉಪಯೋಗ ಕುಂದುತ್ತದೆ. ಪ್ರಮಾಣವನ್ನು ಮಗುವಿನ ತೂಕ ನೋಡಿ ನಿರ್ಧರಿಸುವುದಿಲ್ಲ. ಪೊರೆ ಎಲ್ಲಿಯವರೆಗೆ ಹಬ್ಬಿದೆ, ಎಷ್ಟು ದಿನವಾಗಿದೆ ಎಂಬುದರ ಮೇಲೆ 20,000ದಿಂದ 1,00,000 ಯೂನಿಟ್. ಕುದುರೆಯ ರಕ್ತದಿಂದ ತಯಾರಾಗುವ ಸೀರಮ್ ಆದ್ದರಿಂದ ಮೊದಲು ಅಲರ್ಜಿ ಪರೀಕ್ಷೆ, ಪಕ್ಕದಲ್ಲಿ ಅಡ್ರಿನಲಿನ್ ಸಿದ್ಧವಿರಬೇಕು. ಎಮಿಲ್ ವಾನ್ ಬೇರಿಂಗ್‌ಗೆ 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ತಂದುಕೊಟ್ಟದ್ದು ಈ ಸೀರಮ್ ಚಿಕಿತ್ಸೆಯೇ. ನಾವು ಇಂದಿಗೂ ಅದನ್ನೇ ನಂಬಿದ್ದೇವೆ.

ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಎರಡನೇ ವಾರ. ಅಷ್ಟರಲ್ಲಿ ಬಾವು ಇಳಿದಿರುತ್ತದೆ, ಮಗು ಗಂಜಿ ಕುಡಿಯುತ್ತಿರುತ್ತದೆ, ಮನೆಯವರು "ಡಿಸ್ಚಾರ್ಜ್ ಮಾಡ್ರಿ" ಅನ್ನುತ್ತಾರೆ. ಹೃದಯದ ಸ್ನಾಯುವಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಆಗಲೇ. ಮತ್ತೆ ಮತ್ತೆ ಇಸಿಜಿ ತೆಗೆಯಬೇಕು, ಮಗುವನ್ನು ಹಾಸಿಗೆಯಿಂದ ಏಳಗೊಡಬಾರದು. ಕುಡಿದ ನೀರು ಮೂಗಿನಲ್ಲಿ ಬಂದರೆ, ಮಾತು ಮೂಗಿನಿಂದ ಬಂದಂತೆ ಕೇಳಿದರೆ ಅಂಗುಳದ ನರ ಸೋತಿದೆ ಎಂದರ್ಥ. ತಾಯಂದಿರು ಇದನ್ನು ನಮಗಿಂತ ಮೊದಲು ಗಮನಿಸುತ್ತಾರೆ. ಅವರ ಮಾತನ್ನು ತಳ್ಳಿಹಾಕಬೇಡಿ.

ಆ ಹುಡುಗಿ ಉಳಿದಳು. ಎಳವೆಯ ಮೂರು ಡೋಸ್ ಲಸಿಕೆ ಅವಳಿಗೆ ಆಗಿತ್ತು; ಒಂದೂವರೆ ವರ್ಷದ್ದೂ ಐದು ವರ್ಷದ್ದೂ ಬೂಸ್ಟರ್ ಆಗಿರಲಿಲ್ಲ. ಬಹಳಷ್ಟು ಮನೆಗಳಲ್ಲಿ ತಾಯಿ ಕಾರ್ಡ್ ಪೆಟ್ಟಿಗೆ ಸೇರುವುದು ಅಲ್ಲಿಗೇ. 10 ಮತ್ತು 16ನೇ ವಯಸ್ಸಿನಲ್ಲಿ ಟಿಡಿ (ಧನುರ್ವಾಯು, ಗಂಟಲಮಾರಿ ಎರಡಕ್ಕೂ) ಚುಚ್ಚುಮದ್ದು ಇದೆಯೆಂಬುದೇ ಅನೇಕರಿಗೆ ಗೊತ್ತಿಲ್ಲ. ಮನೆಯವರೆಲ್ಲರ ಗಂಟಲು ಪರೀಕ್ಷಿಸಿ ಎರಿಥ್ರೋಮೈಸಿನ್ ಕೊಟ್ಟೆವು. ಹುಡುಗಿಗೂ ಚೇತರಿಸಿಕೊಂಡ ಮೇಲೆ ಲಸಿಕೆ ಹಾಕಿದೆವು. ಕಾಯಿಲೆ ಬಂದು ಹೋದ ಮಾತ್ರಕ್ಕೆ ಅದು ಮತ್ತೆ ಬರುವುದಿಲ್ಲ ಎನ್ನುವ ಹಾಗಿಲ್ಲ.