ಬಿದ್ದ ಡ್ರೋನಿನ ವಿಟಿಎಕ್ಸ್: ಬದಲಿಸುವ ಮುನ್ನ

ಕ್ರ್ಯಾಶ್ ಆದ ಕೂಡಲೇ ಬ್ಯಾಟರಿ ತೆಗೆಯಿರಿ. ಆಂಟೆನಾ ಕಿತ್ತುಹೋಗಿದ್ದರೆ ವಿಟಿಎಕ್ಸ್ (ಕ್ಯಾಮೆರಾದ ಚಿತ್ರವನ್ನು ಪೈಲಟ್‌ನ ಗಾಗಲ್ಸ್‌ಗೆ ಕಳಿಸುವ ವಿಡಿಯೋ ಟ್ರಾನ್ಸ್‌ಮಿಟರ್) ಹೊರಹಾಕಬೇಕಾದ ಶಕ್ತಿ ಹಿಂದಕ್ಕೇ ಮರಳಿ ಆಂಪ್ಲಿಫೈಯರ್ ಚಿಪ್ಪನ್ನು ಸುಡಬಹುದು.

ಅನಲಾಗ್ ಡ್ರೋನಿನಲ್ಲಿ ಗಾಗಲ್ಸ್ ಪರದೆಯೇ ಅರ್ಧ ಉತ್ತರ ಹೇಳುತ್ತದೆ. ಹಿನ್ನೆಲೆ ಕಪ್ಪಾಗಿದ್ದು ಚಿತ್ರದ ಮೇಲೆ ಬ್ಯಾಟರಿ ಮುಂತಾದ ಮಾಹಿತಿ ತೋರಿಸುವ ಓಎಸ್‌ಡಿ ಅಕ್ಷರಗಳು ಕಂಡರೆ ಕ್ಯಾಮೆರಾ ಅಥವಾ ಅದರ ವೈರ್ ಹೋಗಿದೆ, ವಿಟಿಎಕ್ಸ್ ಅಲ್ಲ. ಒಂದು ಮೀಟರಿನಲ್ಲಿ ಸ್ವಚ್ಛ ಚಿತ್ರ ಬಂದು ಹತ್ತು ಮೀಟರಿಗೇ ಚುಕ್ಕಿ ತುಂಬಿದರೆ ಮೊದಲು ಬೇರೆ ಆಂಟೆನಾ ಹಾಕಿ ನೋಡಿ. ಯು.ಎಫ್‌ಎಲ್ ಕನೆಕ್ಟರಿನ (ಬೋರ್ಡಿನಲ್ಲಿ ಆಂಟೆನಾ ಸಿಕ್ಕಿಸುವ ಪುಟ್ಟ ಜಾಗ) ಬುಡವನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ. ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಸಾಕು, ರೇಂಜ್ ಹೋಗುತ್ತದೆ. ಪ್ಯಾಡ್ (ಬೆಸುಗೆ ಕೂರುವ ತಾಮ್ರದ ತುಣುಕು) ಕಿತ್ತು ಬಂದಿದ್ದರೆ ರಿಪೇರಿಗೆ ಸಮಯ ಕಳೆಯಬೇಡಿ, ಬೋರ್ಡ್ ಬದಲಿಸುವುದೇ ಲೇಸು.

ಹೊಸದನ್ನು ಕೊಳ್ಳುವಾಗ ತೂತುಗಳ ಅಂತರ (ಸಾಮಾನ್ಯವಾಗಿ 20 ಅಥವಾ 30.5 ಮಿ.ಮೀ.) ಮತ್ತು ವೋಲ್ಟೇಜ್ ನೋಡಿ. 5 ವೋಲ್ಟಿನ ವಿಟಿಎಕ್ಸ್‌ಗೆ ನೇರ ಬ್ಯಾಟರಿ ಕೊಟ್ಟರೆ ಅಲ್ಲೇ ಹೊಗೆ. ವಿಡಿಯೋ, ಗ್ರೌಂಡ್, ಪವರ್ ಮತ್ತು ಚಾನೆಲ್ ಬದಲಿಸುವ ಆದೇಶ ಒಯ್ಯುವ ಸ್ಮಾರ್ಟ್‌ಆಡಿಯೋ ವೈರ್‌ಗಳನ್ನು 350 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೆಸೆಯಿರಿ. ಸ್ಮಾರ್ಟ್‌ಆಡಿಯೋ ಹೋಗಬೇಕಾದ್ದು ಫ್ಲೈಟ್ ಕಂಟ್ರೋಲರ್ ಬೋರ್ಡಿನ ಸೀರಿಯಲ್ ಪೋರ್ಟ್ ಆದ ಯುಆರ್ಟ್‌ನ ಟಿಎಕ್ಸ್ ಪ್ಯಾಡಿಗೆ. ಆಂಟೆನಾ ಸಿಕ್ಕಿಸಿ, ಸ್ಮೋಕ್ ಸ್ಟಾಪರ್ (ಶಾರ್ಟ್ ಆದರೆ ಕರೆಂಟನ್ನು ತಡೆಯುವ ಸಾಧನ) ಮೂಲಕ ಪವರ್ ಕೊಡಿ. ಫ್ಲೈಟ್ ಕಂಟ್ರೋಲರಿನ ತಂತ್ರಾಂಶ ಬೀಟಾಫ್ಲೈಟ್‌ನಲ್ಲಿ ಹೊಸ ಬೋರ್ಡಿನ ವಿಟಿಎಕ್ಸ್ ಟೇಬಲ್ (ಚಾನೆಲ್ ಮತ್ತು ಪವರ್ ಮಟ್ಟಗಳ ಪಟ್ಟಿ) ಹಾಕದಿದ್ದರೆ ಚಾನೆಲ್ ಬದಲಾಗದು. ಬೋರ್ಡ್ ಕೆಟ್ಟಿದೆಯೆಂದು ಬಹಳ ಮಂದಿ ತಪ್ಪು ತಿಳಿಯುವುದು ಇಲ್ಲೇ. ಮೇಜಿನ ಮೇಲಿನ ಪರೀಕ್ಷೆಗೆ 25 ಮಿಲಿವ್ಯಾಟ್ ಸಾಕು, ಬೋರ್ಡ್ ಬಿಸಿಯಾಗದಂತೆ ಪಕ್ಕದಲ್ಲೊಂದು ಫ್ಯಾನ್ ಇರಲಿ.