ತೊಗರಿ ಕಟ್ಟಿಗೆಯ ಕೆಳಗಿದ್ದ ದೋಣಿ

ಹೊನಗುಂಟದ ಹತ್ತಿರ ಭೀಮಾ ಹೊಳೆದಂಡೆಯ ಹೊಲವೊಂದರಲ್ಲಿ ನಮ್ಮ ದೋಣಿ ಒಂಬತ್ತು ತಿಂಗಳು ಬೋರಲು ಬಿದ್ದಿತ್ತು. ನವೆಂಬರ್‌ನಲ್ಲಿ ನಾನೂ ನನ್ನ ತಮ್ಮನೂ ಹೋಗಿ ನೋಡಿದರೆ ದೋಣಿಯೇ ಇಲ್ಲ, ತೊಗರಿ ಕಟ್ಟಿಗೆಯ ರಾಶಿಯೊಂದಿದೆ. ಹೊಲದ ಮುತ್ಯಾ ಕಟ್ಟಿಗೆ ಸರಿಸಿದ. ಅಡಿಯಿಂದ ಕೋಳಿಯೊಂದು ನಮ್ಮನ್ನು ಬೈದುಕೊಳ್ಳುತ್ತ ಹೊರಗೆ ಬಂತು.

“ನೀವು ಬರ್ತೀರೋ ಇಲ್ಲೋ ಅಂದಿದ್ದೆ. ಇದು ಇಲ್ಲೇ ತತ್ತಿ ಇಡ್ಲತ್ತದ ನೋಡ್ರಿ” ಅಂದ.

ಮಳೆಗಾಲದಲ್ಲಿ ಹೊಳೆ ಏರಿದಾಗ ಎತ್ತು ಕಟ್ಟಿ ದೋಣಿಯನ್ನು ದಿಬ್ಬದ ಮೇಲಕ್ಕೆ ಎಳೆಸಿದ್ದನಂತೆ. ನಾವು ಹೇಳಿರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಸೊನ್ನ ಬ್ಯಾರೇಜಿನಿಂದ 8 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಂದದ್ದನ್ನು ಕಂಡವರಿಗೆ ಭೀಮೆಯ ಬಗ್ಗೆ ಯಾರೂ ಹೇಳಬೇಕಾಗಿಲ್ಲ.

ಫೆಬ್ರುವರಿಯಲ್ಲಿ ಹೊರಟಾಗ ನಮ್ಮ ಲೆಕ್ಕ ಸರಳವಿತ್ತು. ಗಾಣಗಾಪುರದ ಭೀಮಾ-ಅಮರ್ಜಾ ಸಂಗಮದಿಂದ ಸನ್ನತಿ ತನಕ ಇಂಜಿನ್ ದೋಣಿಯಲ್ಲಿ ಹೋಗುವುದು, ಅಡ್ಡಗಟ್ಟೆ ಬಂದಲ್ಲಿ ಟ್ರ್ಯಾಕ್ಟರ್ ಹಿಡಿದು ದಾಟಿಸುವುದು. ಸಣ್ಣ ಫೈಬರ್ ದೋಣಿ, ಮಲ್ಪೆ ಕಡೆಯಿಂದ ತರಿಸಿದ ಹಿಂಬದಿಗೆ ಸಿಕ್ಕಿಸುವ 9.9 ಎಚ್‌ಪಿ ಹಳೇ ಔಟ್‌ಬೋರ್ಡ್ ಇಂಜಿನ್. ಫಿರೋಜಾಬಾದಿನ ಬಹಮನಿ ಕೋಟೆಗೋಡೆಯನ್ನು ನೀರಿನಿಂದ ನೋಡಿದ ಖುಷಿಯಲ್ಲಿ ವೇಗ ಏರಿಸಿದವನು ನಾನೇ. ಕಾಗಿಣಾ ಬಂದು ಸೇರುವ ಜಾಗ ಹತ್ತಿರವಾದಾಗ ಕೆಳಗೆ ‘ಠಣ್’ ಅಂತು. ಇಂಜಿನ್ ಕಿರುಚುತ್ತದೆ, ದೋಣಿ ಕದಲದು.

ಬಿಚ್ಚಿ ನೋಡಿದರೆ ನೀರು ತಳ್ಳಿ ದೋಣಿ ಓಡಿಸುವ ಫ್ಯಾನಿನ ಒಂದು ಎಲೆ ಮುಕ್ಕಾಗಿತ್ತು, ಒಳಗಿನ ರಬ್ಬರ್ ಬುಶ್ ಹರಿದಿತ್ತು. ಶಾಫ್ಟ್ ತಿರುಗುತ್ತದೆ, ಫ್ಯಾನ್ ಸುಮ್ಮನಿರುತ್ತದೆ. ಆ ರಬ್ಬರ್ ಇರುವುದೇ ಅದಕ್ಕೆ: ಕಲ್ಲು ತಾಕಿದರೆ ಮೊದಲು ತಾನು ಹರಿದು ಗೇರನ್ನು ಉಳಿಸುತ್ತದೆ. ಬೇಸಿಗೆಯ ಭೀಮೆಯಲ್ಲಿ ನೀರು ಮೊಣಕಾಲುದ್ದ, ಅಡಿಯಲ್ಲಿ ಹಾಸಿದಂತೆ ಶಹಾಬಾದ್ ಕಲ್ಲು. ಮನೆಯ ಪಡಸಾಲೆಯಲ್ಲಿ ದಿನಾ ತುಳಿಯುವ ಕಲ್ಲೇ ಹೊಳೆಯ ತಳದಲ್ಲೂ ಇರುತ್ತದೆಂದು ಯೋಚಿಸದೆ ಹೋದದ್ದು ನಮ್ಮ ಜಾಣತನ. ಇಂಜಿನ್ ಮಾತ್ರ ಹೊತ್ತುಕೊಂಡು ಬಸ್ಸಿನಲ್ಲಿ ಕಲಬುರಗಿಗೆ ಮರಳಿದೆವು. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಹರಿದ.

ಈ ಸಲ ಹೊಸ ಫ್ಯಾನ್ ಜೊತೆ ಇನ್ನೊಂದನ್ನು ಹೆಚ್ಚಿಗೆ ತಂದಿದ್ದೆವು. ಪೆಟ್ರೋಲಿಗೆ ಲೀಟರಿಗೆ 20 ಎಂಎಲ್ ಆಯಿಲ್ ಬೆರೆಸಿ, ಹಗ್ಗ ಎಳೆದರೆ ಏಳನೇ ಸಲಕ್ಕೆ ಇಂಜಿನ್ ಹತ್ತಿತು. ಮುತ್ಯಾ ಜಾಲಿಯ ಉದ್ದ ಗಳವೊಂದನ್ನು ಕಡಿದು ಕೈಗಿತ್ತ. “ಇಂಜಿನ್‌ಕಿಂತ ಇದ್ರ ಮ್ಯಾಲ ಭರೋಸಾ ಇಡ್ರಿ. ಮೊಸಳಿ ಅವ, ಕಾಲ್ ಇಳಿಬಿಡಬ್ಯಾಡ್ರಿ.”

ತಮ್ಮ ಮುಂದೆ ಕೂತು ಗಳ ಇಳಿಸಿ ಆಳ ಕೂಗುತ್ತಿದ್ದ: “ಎದಿಮಟ... ಟೊಂಕಮಟ... ಏ ಎತ್ತು, ಎತ್ತು!” ನಾನು ಇಂಜಿನ್ ಎತ್ತುತ್ತಿದ್ದೆ. ಕಾಗಿಣಾ ಸೇರಿದ ಮೇಲೆ ನೀರು ಅಗಲವಾಯಿತು, ಸನ್ನತಿ ಬ್ಯಾರೇಜಿನ ಹಿನ್ನೀರು ಸಿಕ್ಕಿತು, ಕಲ್ಲಿನ ಭಯ ಹೋಯಿತು. ಆಗ ನೀರಿನ ಮೇಲೆ ತೇಲುವ ಅಂತರಗಂಗೆ ಕಳೆ ಶುರುವಾಯಿತು, ಅದರ ಬೇರು ಇಂಜಿನ್ನಿಗೆ ಸಿಕ್ಕಿಕೊಳ್ಳತೊಡಗಿತು. ಇಂಜಿನ್ನಿನ ಪಕ್ಕದ ಸಣ್ಣ ತೂತಿನಿಂದ ಪಿಚಕಾರಿಯಂತೆ ನೀರು ಚಿಮ್ಮುತ್ತಿರಬೇಕು, ಅದು ನಿಂತರೆ ಒಳಗೆ ತಣ್ಣೀರು ಹೋಗುತ್ತಿಲ್ಲ ಎಂದರ್ಥ. ಅದು ನಿಂತಾಗಲೆಲ್ಲ ಆಫ್ ಮಾಡಿ, ಬೇರು ಕಿತ್ತು, ಮತ್ತೆ ಹಗ್ಗ ಎಳೆಯಬೇಕು. ಒಂದು ಕಡೆ ಕಟಿರೊಟ್ಟಿ, ಶೇಂಗಾ ಹಿಂಡಿ ತಿನ್ನಲು ಕೂತವರು ಆ ನೆಪದಲ್ಲೇ ಮುಕ್ಕಾಲು ಗಂಟೆ ಮಲಗಿದೆವು. ನಿಜ ಹೇಳಬೇಕೆಂದರೆ ಆ ದಿನ ಇಂಜಿನ್ ನಮ್ಮನ್ನು ನೂಕಿದ್ದಕ್ಕಿಂತ ನಾವು ಗಳದಿಂದ ನೂಕಿದ್ದೇ ಹೆಚ್ಚಿರಬೇಕು.

ಸನ್ನತಿ ಮುಟ್ಟಿದಾಗ ಹೊತ್ತು ಇಳಿದಿತ್ತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿ ನೋಡಿ ಮತ್ತೆ ಒಗೆಯತೊಡಗಿದಳು. ಚಂದ್ರಲಾಂಬೆಗೆ ಕೈಮುಗಿದೆವು. 1986ರಲ್ಲಿ ಇಲ್ಲಿಯ ಕಾಳಿಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತ್ತು. ಮೂರ್ತಿ ಕೂರಿಸಲು ಅದರ ನಡುವೆ ತೂತು ಕೊರೆದಿದ್ದರು. “ನಮ್ಮ ಫ್ಯಾನ್ ಹೊಡದದ್ದಲ್ಲ ಹೌದಿಲ್ಲೋ?” ಅಂದ ತಮ್ಮ.

ರಾತ್ರಿ ಮುತ್ಯಾನ ಮಗನ ಫೋನಿಗೆ ಹಚ್ಚಿದೆ. ಮುಟ್ಟಿದೆವು ಅಂದೆ. ಆ ಕಡೆ ಮುತ್ಯಾ “ಛಲೋ ಆತು” ಅಂದು ಸ್ವಲ್ಪ ತಡೆದು ಕೇಳಿದ:

“ದೋಣಿ ಈಗ ಎಲ್ಲಿ ಇಡ್ತೀರಿ? ಕೋಳಿ ಮುಂಜಾನಿಂದ ತಿರುಗ್ಲತ್ತದ.”